ಎಲ್ಲರೂ ಒಂದೇ ಚಾನೆಲ್‌ನಲ್ಲಿ ಕೂತಿದ್ದಾಗ

ಆಗ ನನಗೆ ಎಪ್ಪತ್ತೊಂದು. ಇದೆಲ್ಲ ನಡೆದು ಮೂರು ವರ್ಷವಾಯಿತು. ವಯಸ್ಸನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆ ವಾರ ನಾನು ಆಡಿದ ಆಟ ಓದಿದವರು ಇವಳು ಯಾರೋ ಹದಿನಾರರ ಹುಡುಗಿ ಇರಬೇಕು ಅಂದುಕೊಳ್ಳುತ್ತಾರೆ. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಇದರಲ್ಲಿ ಕೊಂಬು, ದೀರ್ಘ ಸರಿಯಾಗಿದ್ದರೆ ಅದು ನಾಲ್ಕನೇ ಮನೆಯ ಮೇಡಮ್ ತಿದ್ದಿದ್ದು. ಮಾತು ನನ್ನದೇ.

ಕೊಡಿಗೇಹಳ್ಳಿಯಲ್ಲಿ ನಮ್ಮದೊಂದು ವಠಾರ. ಮೊದಲು ಅಲ್ಲಿ ದನದ ಕೊಟ್ಟಿಗೆ ಇತ್ತು. ದನ ಹೋದವು, ಕೊಟ್ಟಿಗೆ ಕೆಡವಿ ಸಾಲಾಗಿ ನಾಲ್ಕು ಮನೆ ಕಟ್ಟಿಸಿದೆವು, ಜನ ಬಂದರು. ದನಗಳೇ ವಾಸಿಯಾಗಿದ್ದವು ಎಂದು ಬಾಡಿಗೆಯವರ ಮುಂದೆಯೇ ಹೇಳುತ್ತೇನೆ. ಅವರು ತಮಾಷೆ ಎಂದು ನಗುತ್ತಾರೆ. ಅಂಗಳದ ಈಚೆಗೆ ಕಲ್ಲುಗೋಡೆಯ ಹಳೇ ಮನೆಯಲ್ಲಿ ನಾನು, ನನ್ನ ಮಗ, ಸೊಸೆ. ಅವರಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು. ಅಂಗಳದ ಆಚೆಗೆ ಆ ನಾಲ್ಕು ಮನೆ. ಒಂದನೆಯದರಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವನು ಮತ್ತು ಅವನ ಹೆಂಡತಿ. ಎರಡನೆಯದರಲ್ಲಿ ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಇದ್ದು ರಿಟೈರಾದ ಯಜಮಾನರು. ಇದ್ದದ್ದು ಕ್ಯಾಂಟೀನಿನಲ್ಲಿ ಅನ್ನುವುದನ್ನು ಅವರು ಹೇಳುವುದಿಲ್ಲ. ಮೂರನೆಯದರಲ್ಲಿ ಬ್ಲೌಸ್ ಹೊಲಿಯುವವಳು, ಬಾಯಿ ಜೋರು. ನಾಲ್ಕನೆಯದರಲ್ಲಿ ಮೇಡಮ್.

ಇಂಟರ್ನೆಟ್ಟಿನ ಬಾಕ್ಸು ಎಲ್ಲರಿಗೂ ಸೇರಿ ಒಂದೇ. ಅದು ನಮ್ಮ ನಡುಮನೆಯ ಕಬ್ಬಿಣದ ಬೀರುವಿನ ಮೇಲೆ ಕೂತಿದೆ. ಮೊದಲೆಲ್ಲ ಮನೆ ನೋಡಲು ಬಂದವರು ನೀರು ಬರುತ್ತಾ ಎಂದು ಕೇಳುತ್ತಿದ್ದರು. ಈಗ ವೈಫೈ ಬರುತ್ತಾ ಎಂದು ಕೇಳಿ, ಆಮೇಲೆ ನೆನಪಾದರೆ ನೀರಿನ ವಿಷಯಕ್ಕೆ ಬರುತ್ತಾರೆ.

ಮೇಡಮ್‌ಗೆ ಆಗ ನಲವತ್ತು ಇರಬಹುದು. ಗಂಡನನ್ನು ಬಿಟ್ಟು ಬಂದವಳು. ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ಗಂಡ ಅನ್ನುವುದನ್ನು ನಾನೂ ಒಂದು ಇಟ್ಟುಕೊಂಡಿದ್ದೆ. ಆರ್.ಟಿ. ನಗರದ ಕಡೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಅಲ್ಲಿ ಆ ಕ್ಲಾಸನ್ನೇ ಮುಚ್ಚಿದರು. ಎರಡು ತಿಂಗಳು ಮನೆಯಲ್ಲೇ ಕೂತಳು. ಒಂದು ಸೋಮವಾರ ನಮ್ಮ ಬಾಗಿಲಿಗೆ ಬಂದು ನಿಂತಳು.

"ಓನರಮ್ಮ, ಚಿಕ್ಕಜಾಲದಿಂದ ಆಚೆ ಒಂದು ಕಾಲೇಜಿನವರು ಕರೆದಿದ್ದಾರೆ. ಶನಿವಾರ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪಿನಲ್ಲೇ ಒಂದು ಪಾಠ ಮಾಡಿ ತೋರಿಸ್ಬೇಕಂತೆ. ಇಪ್ಪತ್ತು ನಿಮಿಷ."

"ಮಾಡು."

"ಆಗ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ. ಅಣ್ಣನ ಮನೆಗೆ ಹೋಗ್ಬೇಕು. ಅತ್ತಿಗೆ ಅಡುಗೆಮನೇಲಿ ನಿಂತ್ಕೊಂಡು ಅವಳು ಹಾಕಿದ್ದು ತಿನ್ಬೇಕು."

"ಅಂಗಾದ್ರೆ ಚೆನ್ನಾಗಿ ಮಾಡು."

"ಅದಕ್ಕೇ ನೀವು ಬೇಕು. ನಿಮಗೆ ಅರ್ಥ ಆದ್ರೆ ಯಾರಿಗ್ ಬೇಕಾದ್ರೂ ಅರ್ಥ ಆಗುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ನನಗೇನೂ ಅನ್ನಿಸಲಿಲ್ಲ. ಇದ್ದ ಮಾತು. ಅಲ್ಲದೆ ಅರುವತ್ತು ವರ್ಷದಿಂದ ನನ್ನನ್ನು ಯಾರೂ ಪಾಠಕ್ಕೆ ಕರೆದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಮನೆಯ ಚಾಪೆಯ ಮೇಲೆ ಕೂತೆ. ಗೋಡೆಗೆ ಒಂದು ಬಿಳಿ ಬೋರ್ಡು ಹೊಡೆದಿದ್ದಳು. ಅದರಲ್ಲಿ ಏನೋ ದೊಡ್ಡದಾಗಿ ಬರೆದಳು.

"ಇವತ್ತಿನ ವಿಷಯ, ತಂತಿ ಇಲ್ಲದ ಸಂಪರ್ಕ ಮತ್ತು ನೆಟ್‌ವರ್ಕ್ ಪ್ರೋಟೋಕಾಲ್."

"ಪ್ರೋಟೋಕಾಲ್ ನಂಗೊತ್ತು," ಎಂದೆ.

"ಗೊತ್ತಾ?"

"ಮಂತ್ರಿ ಏರ್‌ಪೋರ್ಟಿಗೆ ಓಗೋದು. ಹೆಬ್ಬಾಳದಾಗೆ ಎಲ್ಲಾ ಗಾಡಿ ನಿಲ್ಸಿ, ಯಾಕ್ ಸಾರ್ ಅಂದ್ರೆ ಪೊಲೀಸ್ನೋನು ಪ್ರೋಟೋಕಾಲು ಪ್ರೋಟೋಕಾಲು ಅಂತಾನೆ. ನಾನು ಬಿಸಿಲಾಗೆ ಒಂದ್ ಗಂಟೆ ನಿಂತಿವ್ನಿ."

ಮೇಡಮ್ ಪೆನ್ನು ಹಿಡಿದುಕೊಂಡೇ ಯೋಚಿಸಿದಳು. "ಪೂರ್ತಿ ತಪ್ಪಲ್ಲ. ಯಾರು ಮೊದಲು ಹೋಗ್ಬೇಕು, ಯಾರು ನಿಲ್ಬೇಕು, ಹೆಂಗೆ ಮಾತು ಶುರು ಮಾಡ್ಬೇಕು, ಹೆಂಗೆ ಮುಗಿಸ್ಬೇಕು ಅಂತ ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರೋ ನಿಯಮ. ಅದೇ ಪ್ರೋಟೋಕಾಲ್."

"ನಾವೆಲ್ಲಿ ಒಪ್ಕೊಂಡಿದ್ವಿ ಹೆಬ್ಬಾಳದಾಗೆ?"

"ಅಲ್ಲಿ ಬಿಡಿ. ಇಲ್ಲಿ ಒಪ್ಪಿರ್ತಾರೆ."

ಆಮೇಲೆ ಅಲೆಯ ವಿಷಯ ಬಂತು. ಬಾಕ್ಸಿನಿಂದ ರೇಡಿಯೋ ಅಲೆ ಹೊರಡುತ್ತದಂತೆ. ಅದು ಬೆಳಕಿನ ವಂಶದ್ದೇ ಅಂತೆ, ಅಷ್ಟೇ ವೇಗ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕಾಣದ ಮೇಲೆ ಎಂಥ ಬೆಳಕು ಎಂದು ಕೇಳಿದೆ. ತೆಳು ಗೋಡೆ ಸಿಕ್ಕಿದರೆ ದಾಟುತ್ತದೆ, ಕಲ್ಲಿನ ದಪ್ಪ ಗೋಡೆ ಸಿಕ್ಕಿದರೆ ಸೊರಗುತ್ತದೆ, ಕಬ್ಬಿಣ ಸಿಕ್ಕಿದರೆ ಬಡಿದು ವಾಪಸ್ಸು ಬರುತ್ತದೆ ಎಂದಳು.

"ಮತ್ತೆ ಆ ಕೇಬಲ್ನೋನು ಕಲ್ಲುಮನೇಲಿ ಕಬ್ಬಿಣದ ಬೀರು ಮ್ಯಾಲೆ ಯಾಕ್ ಮಡಗ್ದ?"

"ಅದನ್ನ ನಾನೂ ಎರಡು ವರ್ಷದಿಂದ ಕೇಳ್ತಿದ್ದೀನಿ."

ಬೀದಿ ಕಂಬದಿಂದ ಅವನು ಎಳೆದು ತಂದ ದಾರದಂಥ ಹೊಸ ತಂತಿ ಬೀರುವಿನ ತನಕವೇ ಸಾಕಾಗಿತ್ತು, ಅಷ್ಟೇ ಕಾರಣ.

ಅಷ್ಟರಲ್ಲಿ ಹೊರಗೆ ಬೀದಿಯಲ್ಲಿ ಸೊಪ್ಪಿನ ಗಾಡಿ ಬಂತು. ಈಗ ಯಾರೂ ಕೂಗುವುದಿಲ್ಲ, ಗಾಡಿಗೆ ಕಟ್ಟಿದ ಸ್ಪೀಕರೇ ಕೂಗುತ್ತದೆ. ಎದುರಿನಿಂದ ಹಳೇ ಪೇಪರಿನವನ ಗಾಡಿಯೂ ಬಂತು, ಅದಕ್ಕೂ ಸ್ಪೀಕರು. ದಂಟು, ಪಾಲಕ್, ಹಳೇ ಕಬ್ಬಿಣ, ಮೆಂತ್ಯ, ಒಡೆದ ಪ್ಲಾಸ್ಟಿಕ್, ಸಬ್ಬಸಿಗೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಗೊತ್ತಾಗದಂತೆ ಎರಡೂ ಕಲಸಿಹೋದವು. ಮೇಡಮ್ ಕುಣಿದಳು.

"ಇದೇ ಓನರಮ್ಮ! ಇದೇ ಡಿಕ್ಕಿ! ಒಂದೇ ಗಾಳೀಲಿ ಇಬ್ರು ಒಟ್ಟಿಗೆ ಮಾತಾಡಿದ್ರೆ ಇಬ್ರದ್ದೂ ಹಾಳು. ಅದಕ್ಕೇ ವೈಫೈನಲ್ಲಿ ಏನ್ ನಿಯಮ ಅಂದ್ರೆ, ಮೊದಲು ಕೇಳಿಸ್ಕೋ. ಯಾರಾದ್ರೂ ಮಾತಾಡ್ತಿದ್ರೆ ಸುಮ್ನಿರು. ಸುಮ್ಮನಾದ ಮೇಲೂ ತಕ್ಷಣ ಬಾಯಿ ಬಿಡ್ಬೇಡ, ಒಂದು ಗಳಿಗೆ ತಡೆ. ಎಷ್ಟು ತಡೀಬೇಕು ಅನ್ನೋದನ್ನ ಒಬ್ಬೊಬ್ರು ಒಂದೊಂದು ಥರ ಇಟ್ಕೋಬೇಕು, ಇಲ್ಲಾಂದ್ರೆ ಮತ್ತೆ ಇಬ್ರೂ ಒಟ್ಟಿಗೇ ಶುರು ಮಾಡ್ತಾರೆ."

ಬೀದಿಯಲ್ಲಿ ಎರಡು ಸ್ಪೀಕರೂ ನಿಂತವು. ಎರಡೂ ಒಟ್ಟಿಗೇ ಮತ್ತೆ ಶುರುವಾದವು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡೆವು.

ಮಂಗಳವಾರ ಪ್ಯಾಕೆಟ್ಟಿನ ಪಾಠ. ಅಲ್ಲಿ ನಾನು ಕೆಟ್ಟೆ. ನನಗೆ ಗೊತ್ತಿದ್ದ ಪ್ಯಾಕೆಟ್ಟು ಎರಡೇ, ಒಂದು ಹಾಲಿನದು, ಇನ್ನೊಂದು ಸಾರಾಯಿಯದು. ಹಾಲಿನದು ಮನೆಗೆ ಬಂದದ್ದಕ್ಕಿಂತ ಸಾರಾಯಿಯದು ಬಂದದ್ದೇ ಹೆಚ್ಚು. ಮೇಡಮ್ ಬೋರ್ಡಿನ ಮುಂದೆ ನಿಂತು ನಿಧಾನವಾಗಿ ಹೇಳುತ್ತಿದ್ದಳು: ನಾವು ಕಳಿಸುವುದನ್ನೆಲ್ಲ ಪ್ಯಾಕೆಟ್ಟು ಮಾಡುತ್ತಾರೆ, ಪ್ಯಾಕೆಟ್ಟು ದಾರಿಯಲ್ಲಿ ಸುತ್ತಾಡಿಕೊಂಡು ಬರುತ್ತದೆ, ಕೆಲವು ದಾರಿಯಲ್ಲೇ ಬಿದ್ದುಹೋಗುತ್ತವೆ, ಬೀಳದೆ ಇದ್ದದ್ದು ಮನೆ ಸೇರುತ್ತದೆ.

"ನನ್ ಗಂಡನ ವಿಷ್ಯ ನಿಂಗ್ಯಾರು ಹೇಳಿದ್ದು?" ಎಂದೆ.

"ಯಾರ ಗಂಡ?"

"ಪ್ಯಾಕೆಟ್ ಹಾಕೊಂಡು ದಾರೀಲಿ ಬೀಳ್ತಿದ್ದೋನು. ಟೈಲರ್ ಹೇಳಿದ್ಲಾ?"

ಅವಳಿಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ನಗಬಾರದೆಂದು ಬೋರ್ಡಿನ ಕಡೆ ತಿರುಗಿಕೊಂಡಳು. ಬೆನ್ನು ಕುಲುಕುತ್ತಿತ್ತು.

"ನಗು," ಎಂದೆ. "ಅವ್ನು ಸತ್ತು ಇಪ್ಪತ್ತು ವರ್ಷ ಆಯ್ತು. ನಾನೇ ನಗ್ತೀನಿ."

ಆಮೇಲೆ ಇದ್ದದ್ದನ್ನು ಹೇಳಿದೆ. ನಾನು ಅವನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇಟ್ಟು ಕಳಿಸುತ್ತಿದ್ದೆ. ಹೆಸರು, ಊರು, ಮನೆಯ ಗುರುತು. ನಾನೇ ಬರೆಯುತ್ತಿದ್ದೆ; ನನ್ನ ಮೂರನೇ ಕ್ಲಾಸು ಪ್ರಯೋಜನಕ್ಕೆ ಬಂದದ್ದು ಅಷ್ಟಕ್ಕೇ. ಯಶವಂತಪುರದಲ್ಲಿ ಬಿದ್ದರೆ ಅಲ್ಲಿನ ಆಟೋದವನು ಚೀಟಿ ನೋಡಿ ಹೆಬ್ಬಾಳದ ತನಕ ತಂದು ಬಿಡುತ್ತಿದ್ದ. ಅವನಿಗೆ ನಮ್ಮ ಮನೆ ಗೊತ್ತಿಲ್ಲ, ಹೆಬ್ಬಾಳ ಯಾವ ಕಡೆ ಅನ್ನುವುದು ಮಾತ್ರ ಗೊತ್ತು. ಹೆಬ್ಬಾಳದವನು ಚೀಟಿ ನೋಡಿ ಕೊಡಿಗೇಹಳ್ಳಿಯ ಕಡೆ ಬರುವವನಿಗೆ ಒಪ್ಪಿಸುತ್ತಿದ್ದ. ಅವನು ತಂದು ಬಾಗಿಲಲ್ಲಿ ಇಳಿಸಿ, "ಅಮ್ಮಾ, ಬಂತು," ಎನ್ನುತ್ತಿದ್ದ.

ಮೇಡಮ್ ಪೆನ್ನು ಕೆಳಗೆ ಬಿಟ್ಟಳು. "ಓನರಮ್ಮ, ನೀವು ಹೇಳಿದ್ದೇ ಇಡೀ ಇಂಟರ್ನೆಟ್ಟು! ಪ್ರತಿ ಪ್ಯಾಕೆಟ್ಟಿನ ಮೇಲೂ ಅಡ್ರೆಸ್ ಇರುತ್ತೆ. ದಾರೀಲಿ ಇರೋ ಯಾವ ಬಾಕ್ಸಿಗೂ ಪೂರ್ತಿ ದಾರಿ ಗೊತ್ತಿಲ್ಲ. ಮುಂದಿನ ಕೈ ಯಾವುದು ಅಂತ ಮಾತ್ರ ಗೊತ್ತು. ತಲುಪಿದ ಮೇಲೆ 'ಬಂತು' ಅಂತ ವಾಪಸ್ ಹೇಳ್ತಾರೆ. ಬಂತು ಅನ್ನೋ ಮಾತು ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಕಳಿಸ್ತಾರೆ."

"ಇನ್ನೊಂದು ಕಳ್ಸೋಕೆ ನನ್ ಹತ್ರ ಇನ್ನೊಂದು ಗಂಡ ಇರ್ಲಿಲ್ಲ."

"ತುಂಬಾ ಕೈ ದಾಟಿಯೂ ಮನೆ ಸೇರದೆ ಸುತ್ತುತ್ತಾ ಇದ್ರೆ, ಇಷ್ಟು ಸಾಕು ಅಂತ ದಾರೀಲೇ ಬಿಸಾಕ್ತಾರೆ."

"ಅದೊಂದು ನಿಯಮ ಆ ಆಟೋದೋರ್ಗೆ ಗೊತ್ತಿರ್ಲಿಲ್ಲ ನೋಡು."

"ಇದನ್ನ ಶನಿವಾರ ಪಾಠದಲ್ಲಿ ಹೇಳ್ಲಾ? ಬೇಜಾರಿಲ್ವಾ?"

"ಹೇಳು. ಅವ್ನೇನು ಎದ್ ಬಂದು ಕೇಳ್ತಾನಾ."

ಇನ್ನೊಂದು ಉಳಿದಿತ್ತು, ಕೈ ಕುಲುಕುವುದು. ಎರಡು ಯಂತ್ರ ಮಾತು ಶುರು ಮಾಡುವ ಮೊದಲು ಮೂರು ಸಲ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತವಂತೆ. ಅದಕ್ಕೆ ಅವಳು ಟೆಲಿಫೋನಿನ ಉದಾಹರಣೆ ಹೇಳಿದಳು, ಚೆನ್ನಾಗಿರಲಿಲ್ಲ. ನಾನು ಮೋಟರಿನದು ಹೇಳಿಕೊಟ್ಟೆ. ಮೇಲಿನ ಟ್ಯಾಂಕಿಗೆ ನೀರು ಬಿಡುವಾಗ ನಾನು ಕೆಳಗೆ ಸ್ವಿಚ್ಚಿನ ಹತ್ತಿರ, ಸೊಸೆ ತಾರಸಿಯ ಮೇಲೆ. "ಹಾಕ್ಲಾ?" "ಹಾಕಿ!" "ಹಾಕ್ದೆ!" ಮೂರರಲ್ಲಿ ಒಂದು ತಪ್ಪಿದರೂ ನೀರು ಬೀದಿಗೆ.

ಹೀಗೆ ಪಾಠ ಸಿದ್ಧವಾಯಿತು. ಆದರೆ ಪಾಠ ಹೋಗಬೇಕಾದ ದಾರಿಯೇ ಸರಿ ಇರಲಿಲ್ಲ. ಗುರುವಾರ ಮಧ್ಯಾಹ್ನ ಅವಳು ಗೆಳತಿಗೆ ವಿಡಿಯೋ ಹಾಕಿ ಅಭ್ಯಾಸ ಮಾಡಿದಳು. ಐದೇ ನಿಮಿಷಕ್ಕೆ ಗೆಳತಿ ಬಾಯಿ ತೆರೆದುಕೊಂಡು ಕಲ್ಲಾದಳು. ಮೊಬೈಲಿನ ನೆಟ್ಟಿಗೆ ಹೋದರೆ ಅದು ಒಂದೇ ಕಡ್ಡಿ. ಮೇಡಮ್ ಮುಖ ಸಣ್ಣದಾಯಿತು. "ಶನಿವಾರ ಹಿಂಗೇ ಆದ್ರೆ ಮುಗೀತು," ಎಂದು ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ನೋಡಿದೆ. ಮಂಚದ ಮೇಲೆ ಸೂಟ್‌ಕೇಸು ತೆರೆದಿತ್ತು, ಅರ್ಧ ಬಟ್ಟೆ ಆಗಲೇ ಅದರೊಳಗಿದ್ದವು.

ನನಗೆ ರೇಗಿತು. ಕೇಬಲ್‌ನವನಿಗೆ ಫೋನು ಮಾಡಿದೆ. ಅವನು ಎಲ್ಲೋ ಕಂಬದ ಮೇಲಿದ್ದ.

"ಅಮ್ಮೋ, ನಿಮ್ದು ಲೈನ್ ಸರಿಯಾಗೈತೆ. ಸುತ್ತಮುತ್ತ ಮನೆಯವ್ರೆಲ್ಲಾ ಒಂದೇ ಚಾನೆಲ್‌ನಾಗೆ ಕುಂತವ್ರೆ. ಒಬ್ರಿಗೊಬ್ರು ಅಡ್ಡ ಬೀಳ್ತದೆ. ಬ್ಯಾರೆ ಬ್ಯಾರೆ ಚಾನೆಲ್‌ಗೆ ಹಾಕ್ಸಿ, ಸರಿ ಓಯ್ತದೆ."

ಅಷ್ಟೇನಾ ಎಂದು ಫೋನಿಟ್ಟೆ. ಸಂಜೆ ಏಳೂವರೆ ಆಗುವ ತನಕ ಕಾದೆ, ಯಾಕೆಂದರೆ ಆ ಹೊತ್ತಿಗೆ ಎಲ್ಲರೂ ಒಂದೇ ಚಾನೆಲ್‌ನಲ್ಲಿ ಕೂತಿರುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಕೋಲು ಹಿಡಿದು ಹೊರಟೆ. ಮೊದಲು ಟ್ಯಾಕ್ಸಿಯವನ ಮನೆ. ಅವನ ಹೆಂಡತಿ ಸೀರಿಯಲ್ ನೋಡುತ್ತಿದ್ದಳು. ಸುದ್ದಿ ಚಾನೆಲ್ ಹಾಕಿಸಿದೆ. ಪಾಪದವಳು, ಮಾತಾಡದೆ ಹಾಕಿದಳು. ಎರಡನೇ ಮನೆಯ ಯಜಮಾನರೂ ಅದೇ ಸೀರಿಯಲ್ ನೋಡುತ್ತಿದ್ದರು, ನಾನು ಹೋದ ತಕ್ಷಣ ಭಜನೆಗೆ ತಿರುಗಿಸಿ ಮೊದಲಿನಿಂದಲೂ ಅದೇ ಎಂಬಂತೆ ಕಣ್ಣು ಮುಚ್ಚಿದರು. ಮೂರನೆಯದು ಟೈಲರಮ್ಮನದು.

"ತಿರುಗ್ಸು."

"ಯಾಕೆ ಓನರಮ್ಮ?"

"ಎಲ್ರೂ ಒಂದೇ ಚಾನೆಲ್‌ನಾಗೆ ಕುಂತ್ರೆ ಮೇಡಮ್‌ಗೆ ಅಡ್ಡ ಬೀಳ್ತದಂತೆ. ಕೇಬಲ್ನೋನೇ ಹೇಳವ್ನೆ."

"ಇವತ್ತು ಮದುವೆ ಎಪಿಸೋಡು! ತಾಳಿ ಕಟ್ತಾನೋ ಇಲ್ವೋ ಅಂತ ಮೂರು ವಾರದಿಂದ ಕಾಯ್ತಿದ್ದೀನಿ!"

"ಕಟ್ತಾನೆ. ಕಟ್ದೆ ಎಲ್ಲಿಗೋಯ್ತಾನೆ. ನೀನು ಆ ದನದ ಡಾಕ್ಟ್ರು ಮಾತಾಡೋ ಚಾನೆಲ್ ಹಾಕು."

"ನನ್ ಹತ್ರ ದನ ಎಲ್ಲಿದೆ?"

"ನಿಮ್ಮನೆ ಇರೋದೇ ಕೊಟ್ಟಿಗೆ ಜಾಗದಾಗೆ. ಹಾಕು!"

ಎರಡನೇ ಮನೆಯ ಯಜಮಾನರು ಬಾಗಿಲಿಗೆ ಬಂದು, "ಓನರ್ ಹೇಳೋದು ಸರಿ ಕಣಮ್ಮ. ನಮ್ ಫ್ಯಾಕ್ಟ್ರೀಲಿ ವೈರ್‌ಲೆಸ್ ಸೆಟ್ ಮಾಡುವಾಗ್ಲೂ ಹಿಂಗೇ, ಒಬ್ಬೊಬ್ರು ಒಂದೊಂದು ಚಾನೆಲ್," ಎಂದು ಕ್ಯಾಂಟೀನಿನ ಜ್ಞಾನವನ್ನೆಲ್ಲ ಸುರಿದರು. ಟೈಲರಮ್ಮ ಹಲ್ಲು ಕಡಿಯುತ್ತ ಹಸುವಿನ ಕೆಚ್ಚಲು ಬಾವಿನ ಕಾರ್ಯಕ್ರಮಕ್ಕೆ ತಿರುಗಿಸಿದಳು.

ನಾನು ಎದೆ ಉಬ್ಬಿಸಿಕೊಂಡು ನಾಲ್ಕನೇ ಮನೆಗೆ ಹೋದೆ. "ಹೋಗಮ್ಮ, ಈಗ ನೋಡು. ಎಲ್ರನ್ನೂ ಬ್ಯಾರೆ ಬ್ಯಾರೆ ಚಾನೆಲ್‌ಗೆ ಹಾಕಿ ಬಂದಿವ್ನಿ. ಒಬ್ಳು ಸುದ್ದಿ, ಒಬ್ರು ಭಜನೆ, ಒಬ್ಳು ದನದ್ದು."

ಮೇಡಮ್ ನನ್ನನ್ನು ನೋಡಿದಳು. ಆಚೆಯಿಂದ ಕೆಚ್ಚಲು ಬಾವಿನ ಮಾತು ಕೇಳಿಸುತ್ತಿತ್ತು. ಅವಳು ಗೋಡೆಗೆ ಒರಗಿದಳು, ಒರಗಿಕೊಂಡೇ ಜಾರಿದಳು, ನೆಲಕ್ಕೆ ಕೂತಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ತಿಂಗಳ ನಗುವನ್ನೆಲ್ಲ ಕೂಡಿಟ್ಟಿದ್ದವಳ ಹಾಗಿತ್ತು. ನನಗೆ ಏನಾಯಿತೆಂದು ತಿಳಿಯದೆ ನಾನೂ ನಕ್ಕೆ. ನಗು ನೋಡಲು ಬಂದ ಯಜಮಾನರೂ ನಕ್ಕರು.

ಆಮೇಲೆ ಹೇಳಿದಳು. ಟೀವಿಯದಲ್ಲವಂತೆ. ಅಲೆ ಹೋಗುವುದಕ್ಕೂ ಪಟ್ಟೆ ಪಟ್ಟೆ ದಾರಿ ಇದೆಯಂತೆ, ಅದಕ್ಕೂ ಚಾನೆಲ್ ಎಂದೇ ಹೆಸರು. ನಮ್ಮ ಬಾಕ್ಸೂ ಆರನೇ ದಾರಿ, ಪಕ್ಕದ ಪೀಜಿ ಕಟ್ಟಡದ ಬಾಕ್ಸುಗಳೆಲ್ಲವೂ ಆರನೇ ದಾರಿ. ಆರು ಬಿಟ್ಟು ಏಳಕ್ಕೆ ಹೋದರೂ ಭುಜ ತಗಲುತ್ತದೆ. ಒಂದು, ಆರು, ಹನ್ನೊಂದು, ಈ ಮೂರು ಮಾತ್ರ ಒಂದಕ್ಕೊಂದು ತಗಲುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ಏನೋ ತೆರೆದು ನಮ್ಮ ಬಾಕ್ಸನ್ನು ಹನ್ನೊಂದಕ್ಕೆ ಹಾಕಿದಳು. ಗೆಳತಿಯನ್ನು ಕರೆದಳು. ಗೆಳತಿ ಕಲ್ಲಾಗಲಿಲ್ಲ.

ಟೈಲರಮ್ಮನಿಗೆ ವಿಷಯ ಗೊತ್ತಾಗುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟಳು.

ಶನಿವಾರ ಬಂತು. ಮೇಡಮ್ ನೀಲಿ ಸೀರೆ ಉಟ್ಟಳು. ಹನ್ನೊಂದು ಗಂಟೆಯಿಂದ ಯಾರೂ ಇಂಟರ್ನೆಟ್ಟು ಮುಟ್ಟಕೂಡದು ಎಂದು ನಾನು ನಾಲ್ಕೂ ಮನೆಗೆ ಕೇಳುವಂತೆ ಅಂಗಳದಲ್ಲಿ ನಿಂತು ಕೂಗಿದೆ. ಪಾಠ ಶುರುವಾಯಿತು. ಎಂಟು ನಿಮಿಷ ಆಗಿರಬಹುದು, ಅವಳು ಬಾಗಿಲಿಗೆ ಓಡಿ ಬಂದಳು.

"ನಿಂತು ನಿಂತು ಬರ್ತಿದೆ ಓನರಮ್ಮ! ಪೀಜಿಯವ್ರೂ ಹನ್ನೊಂದನೇ ಚಾನೆಲ್‌ಗೆ ಬಂದಿದ್ದಾರೆ, ಶನಿವಾರ ಎಲ್ಲಾ ಮನೇಲೇ ಇದ್ದಾರೆ. ಐದು ನಿಮಿಷ ಕೊಟ್ಟಿದ್ದಾರೆ. ಸರಿ ಹೋಗ್ಲಿಲ್ಲ ಅಂದ್ರೆ ಮುಂದಿನವ್ರನ್ನ ಕರೀತಾರಂತೆ."

"ನಮ್ಮನೆಗೆ ಬಾ, ಬೀರು ಪಕ್ಕ ಕುಂತ್ಕೋ."

"ಬೋರ್ಡು ಇಲ್ಲಿದೆ, ಗೋಡೆಗೆ ಹೊಡೆದಿದ್ದೀನಿ. ತಂತಿ ಇದ್ದಿದ್ರೆ ಯಾವ ಚಾನೆಲ್ಲೂ ಬೇಡ್ವಾಗಿತ್ತು. ಒಂದು ತಂತಿ..."

ಅಲ್ಲಿಗೆ ನಿಂತಳು. ಅವಳ ಕಣ್ಣು ಅಂಗಳದ ಬಟ್ಟೆ ತಂತಿಯ ಮೇಲಿತ್ತು. ನಮ್ಮ ಕಿಟಕಿ ಸರಳಿನಿಂದ ಅವಳ ಬಾಗಿಲ ಮೊಳೆಯ ತನಕ, ನೀಲಿ ಬಣ್ಣದ್ದು. ಅದರ ಮೇಲೆ ನನ್ನ ಒಳಲಂಗ, ಟ್ಯಾಕ್ಸಿಯವನ ಬನಿಯನ್ನು, ಟೈಲರಮ್ಮ ಯಾರಿಗೋ ಹೊಲಿದು, ಗುರುತಿನ ಗೆರೆ ಹೋಗಲೆಂದು ಒಗೆದ ಬ್ಲೌಸು.

"ಓನರಮ್ಮ, ಈ ತಂತಿ ಎಲ್ಲಿಂದ ಬಂತು?"

"ಕೇಬಲ್ನೋನು ಬಿಟ್ಟೋಗಿದ್ದ. ಮೊದ್ಲು ಬಾಕ್ಸು ನಿಮ್ ಸಾಲಲ್ಲಿತ್ತಲ್ಲ, ಆವಾಗ ಅಲ್ಲಿಂದ ನಮ್ಮನೆಗೆ ಎಳ್ದಿದ್ದು. ತುಕ್ಕು ಹಿಡಿಯಲ್ಲ, ಬಟ್ಟೆಗೆ ಕರೆ ಆಗಲ್ಲ, ಕಟ್ಟಿದೆ."

"ಇದು ಇಂಟರ್ನೆಟ್ ವೈರು!"

"ಆಗಿರ್ಬೋದು. ಬಟ್ಟೆ ಚೆನ್ನಾಗ್ ಒಣಗ್ತದೆ."

ಗಂಟಿನಿಂದ ಆಚೆಗೆ ಎರಡು ಕಡೆಯೂ ಒಂದೊಂದು ಮಾರು ಉಳಿದದ್ದನ್ನು ನಾನು ಕತ್ತರಿಸದೆ ಸುತ್ತಿ ಸಿಕ್ಕಿಸಿದ್ದೆ. ತುದಿಯಲ್ಲಿ ಗಾಜಿನಂಥ ಪುಟ್ಟ ಕ್ಲಿಪ್ಪು ಹಾಗೇ ಇತ್ತು. ಅವಳು ತನ್ನ ಕಡೆಯದನ್ನು ಬಿಚ್ಚಿ ಧೂಳು ಊದಿದಳು. ನಾನು ಒಳಗೆ ಓಡಿದೆ. ಓಡಿದೆ ಎಂದೇ ಬರೆಯುತ್ತೇನೆ, ಮೇಡಮ್ ಇದನ್ನು ತಿದ್ದಕೂಡದು. ಕಿಟಕಿಯಿಂದ ತುದಿ ಎಳೆದುಕೊಂಡು, ಮಂಚ ಹತ್ತಿ, ಬೀರುವಿನ ಮೇಲಿನ ಬಾಕ್ಸನ್ನು ತಿರುಗಿಸಿದೆ. ಹಿಂದೆ ನಾಲ್ಕು ಹಳದಿ ತೂತು.

"ಯಾವ್ದಕ್ಕೇ?"

"ಯಾವ್ದಕ್ಕಾದ್ರೂ! ಟಕ್ ಅನ್ಬೇಕು!"

"ಚುಚ್ಲಾ?"

"ಚುಚ್ಚಿ!"

"ಚುಚ್ದೆ!"

ಟಕ್ ಎಂದಿತು. ಆಮೇಲೆ ಮೇಡಮ್ ದನಿ ಬಂತು, ನಡುಗದ ದನಿ. "ನಮಸ್ಕಾರ ಸರ್, ಈಗ ಕೇಳಿಸ್ತಿದೆಯಾ? ಮುಂದುವರಿಸ್ಲಾ?"

ನಾನು ಮಂಚ ಇಳಿದು ಬಂದು ಬಟ್ಟೆಗಳ ಕೆಳಗೆ ಸ್ಟೂಲು ಹಾಕಿಕೊಂಡು ಕೋಲು ಹಿಡಿದು ಕೂತೆ. ಒದ್ದೆ ಒಳಲಂಗ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗಿನಿಂದ ಪಾಠ ಕೇಳಿಸುತ್ತಿತ್ತು. ಒಬ್ಬ ಮನುಷ್ಯ, ಜೇಬಿನಲ್ಲಿ ಅಡ್ರೆಸ್ಸಿನ ಚೀಟಿ, ಯಶವಂತಪುರದಲ್ಲಿ ಬಿದ್ದ, ಹೆಬ್ಬಾಳದವನು ಎತ್ತಿಕೊಂಡ. ನನ್ನ ಗಂಡ ಬದುಕಿದ್ದಾಗ ಯಾವ ಕಾಲೇಜಿನ ಗೇಟೂ ದಾಟಿದವನಲ್ಲ. ಈಗ ನನ್ನ ಒಳಲಂಗದ ಕೆಳಗೆ ಹಾದು ಚಿಕ್ಕಜಾಲದ ಆಚೆಗೆ ಹೋಗುತ್ತಿದ್ದ. ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ.

ಆಗಲೇ ಟೈಲರಮ್ಮ ಬಂದಳು. ಮಾತು ಬಿಟ್ಟಿದ್ದಳಲ್ಲ, ನನ್ನನ್ನು ನೋಡದೆ ನೇರವಾಗಿ ಬ್ಲೌಸಿಗೆ ಕೈ ಹಾಕಲು ಹೋದಳು. ಗಂಟು ಹಳೆಯದು. ಒಂದು ಸಲ ಜಗ್ಗಿದರೆ ಕ್ಲಿಪ್ಪು ಹೊರಗೆ.

"ಮುಟ್ಬೇಡ."

"ಕಸ್ಟಮರ್ ಬಂದು ನಿಂತಿದ್ದಾರೆ."

"ನಿಂತಿರ್ಲಿ. ಇದ್ರೊಳಗೆ ಮೇಡಮ್ ಪಾಠ ಓಯ್ತಾ ಅದೆ."

"ಎಲ್ಲಿ?"

"ನಿನ್ ಬ್ಲೌಸಿನ ಕೆಳಗೆ."

"ನಂಗೇನೂ ಕಾಣ್ತಿಲ್ಲ. ಮೊನ್ನೆ ದನದ ಚಾನೆಲ್ ಹಾಕ್ಸಿದ್ರಿ, ಇವತ್ತು ಬ್ಲೌಸಲ್ಲಿ ಪಾಠನಾ? ಬಿಡಿ ಓನರಮ್ಮ!"

ಕೈ ಹಾಕಿಯೇ ಬಿಟ್ಟಳು. "ಮುಟ್ಟಿದ್ರೆ ಕೈ ಮುರಿತೀನಿ!" ಎಂದು ಅಬ್ಬರಿಸಿದೆ. ಮೇಲೆ ಯಲಹಂಕ ಕಡೆಯ ವಿಮಾನ ಹಾದುಹೋಗಿದ್ದರೂ ನನ್ನ ದನಿಯೇ ಮೇಲಾಗುತ್ತಿತ್ತು. ಒಳಗೆ ಪಾಠ ನಿಂತಿತು. ಲ್ಯಾಪ್‌ಟಾಪಿನಿಂದ ಒಬ್ಬ ಹೆಂಗಸಿನ ದನಿ, "ಏನ್ ಮೇಡಮ್ ಅಲ್ಲಿ? ಯಾರ ಕೈ ಮುರೀತಿದ್ದಾರೆ?"

ಹೋಯಿತು, ಇವಳು ಅತ್ತಿಗೆ ಮನೆಗೆ ಹೋಗುವುದು ನನ್ನ ಬಾಯಿಂದಲೇ ಎಂದುಕೊಂಡೆ. ಮೇಡಮ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿ ಬಾಗಿಲ ಕಡೆ ತಿರುಗಿಸಿದಳು.

"ಮೇಡಮ್, ವೈಫೈನಲ್ಲಿ ಡಿಕ್ಕಿ ಜಾಸ್ತಿ ಆಯ್ತು ಅಂತ ತಂತಿಗೆ ಬಂದೆ. ಆ ಬಟ್ಟೆ ಒಣಗ್ತಿದೆಯಲ್ಲ, ಅದೇ ತಂತಿ. ಕಾಯ್ತಿರೋರು ನಮ್ಮ ಓನರು. ನೀವೀಗ ಪಾಠ ಕೇಳ್ತಿರೋದು ಅದರ ಮೂಲಕಾನೇ."

ಪರದೆಯಲ್ಲಿ ಮೂರು ಜನ ಇದ್ದರು, ಒಬ್ಬ ಹೆಂಗಸು, ಇಬ್ಬರು ಗಂಡಸರು. ಮೂವರೂ ಮುಂದಕ್ಕೆ ಬಾಗಿ ನೋಡಿದರು. ನನ್ನ ಒಳಲಂಗವನ್ನು ಅಷ್ಟು ಓದಿದವರು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ಕನ್ನಡಕದವನೊಬ್ಬ ನಗು ತಡೆದುಕೊಂಡು, "ಅಮ್ಮಾ, ಮೇಡಮ್ ಪ್ರೋಟೋಕಾಲ್ ಅಂತ ಹೇಳ್ಕೊಟ್ರಲ್ಲ, ನಿಮಗೇನಾದ್ರೂ ಅರ್ಥ ಆಯ್ತಾ?" ಎಂದ.

"ಪಾಠ ಮುಗ್ಯೋ ತಂಕ ಇವ್ಳು ತಂತಿ ಮುಟ್ಟಂಗಿಲ್ಲ. ಮುಗ್ದ ಮ್ಯಾಲೆ ನಾನು ತಡೆಯಂಗಿಲ್ಲ. ಅದೇ," ಎಂದೆ.

"ಅವರು ಒಪ್ಪಿದ್ದಾರಾ?"

ನಾನು ಟೈಲರಮ್ಮನನ್ನು ನೋಡಿದೆ. ಅವಳು ಪರದೆಯಲ್ಲಿ ತಾನೂ ಕಾಣುತ್ತಿರುವುದನ್ನು ಕಂಡು ಸೆರಗು ಸರಿ ಮಾಡಿಕೊಂಡು, ಮೆಲ್ಲಗೆ ಕೈ ಹಿಂದಕ್ಕೆ ತೆಗೆದಳು. "ಒಪ್ಪಿದ್ದೀನಿ ಸರ್," ಎಂದಳು.

ಮೂವರೂ ನಕ್ಕರು. ಆದರೆ ಕೆಲಸ ಆಯಿತೆಂದು ಹೇಳಲಿಲ್ಲ. ಸಂಜೆ ತಿಳಿಸುತ್ತೇವೆ ಎಂದು ಮುಚ್ಚಿದರು. ಮೇಡಮ್ ಊಟ ಮಾಡಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. ಅವಳು ಕೂತಳೆಂದು ನಾವೆಲ್ಲರೂ ಅಂಗಳದಲ್ಲಿ ಕೂತೆವು. ಒಣಗಿದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಬ್ಲೌಸಿನ ಕಸ್ಟಮರ್ ಕೂಡ ಕತೆ ಕೇಳಿ ಅಲ್ಲೇ ಕೂತುಬಿಟ್ಟಳು.

ಐದು ಗಂಟೆಗೆ ಫೋನು ಬಂತು. "ಹಾಂ ಮೇಡಮ್. ಹಾಂ. ಸೋಮವಾರನಾ? ಬರ್ತೀನಿ ಮೇಡಮ್. ಸರ್ಟಿಫಿಕೇಟ್ ಎಲ್ಲಾ ತರ್ತೀನಿ." ಫೋನಿಟ್ಟು ಎದ್ದು ನಿಂತಳು. ಟೈಲರಮ್ಮನನ್ನು ತಬ್ಬಿಕೊಂಡು ಅಂಗಳದಲ್ಲಿ ಗಿರಗಿರನೆ ಸುತ್ತಿದಳು. ಟೈಲರಮ್ಮ, "ಬಿಡೇ, ತಲೆ ತಿರುಗ್ತದೆ!" ಎಂದು ಕೂಗುತ್ತ ತಾನೂ ಸುತ್ತಿದಳು. ಯಜಮಾನರು ಚಪ್ಪಾಳೆ ಹೊಡೆದು, ಕೇಸರಿಬಾತು ಮಾಡುತ್ತೇನೆ ಎಂದು ಒಳಗೆ ಹೋದರು. ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ಕೈ ಪಳಗಿದವರು, ಕಡಿಮೆ ಮಾಡಲು ಅವರಿಗೆ ಬರುವುದಿಲ್ಲ. ಮಗ, ಸೊಸೆ ಮನೆಗೆ ಬರುವ ಹೊತ್ತಿಗೆ ಪೀಜಿಯ ಹುಡುಗರು ಕೂಡ ತಟ್ಟೆ ಹಿಡಿದು ಕಾಂಪೌಂಡಿನ ಹತ್ತಿರ ನಿಂತಿದ್ದರು. ಅವರಿಗೂ ಹಾಕಿದೆವು.

ಮೇಡಮ್ ನನ್ನ ಹತ್ತಿರ ಬಂದು ಕೂತಳು. ಕಣ್ಣು ತುಂಬಿಕೊಂಡಿದ್ದಳು. "ಓನರಮ್ಮ, ನೀವಿಲ್ಲದಿದ್ರೆ..." ಎಂದು ಶುರು ಮಾಡಿದಳು.

"ತಿನ್ನು," ಎಂದೆ. "ತುಪ್ಪ ಗಟ್ಟಿಯಾಯ್ತದೆ."

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹಾರ್ಡ್‌ವೇರಿನವನ ಮುಂದೆ ಹೋಗಿ ನಿಂತೆ. ಹಸಿರು ನೈಲಾನ್ ಹಗ್ಗ ತಂದು, ನೀಲಿ ತಂತಿಯಿಂದ ಎರಡು ಮೊಳ ಈಚೆಗೆ ಎಳೆದು ಕಟ್ಟಿ, ಟೈಲರಮ್ಮನ ಬಕೀಟಿನಲ್ಲಿದ್ದ ಬಟ್ಟೆಯನ್ನೆಲ್ಲ ನಾನೇ ಹಿಂಡಿ ಒಣಗಹಾಕಿದೆ.